ಬೆನ್ನು ನೋಡಿ, ಕೊಂಡಿ ನೋಡಿ: ಹಳೆಯ ಗಿಲೀಟು ಒಡವೆಗಳ ಪ್ರದರ್ಶನಕ್ಕೆ ಹೋಗುವವರಿಗೆ

ಗಾಜಿನ ಪೆಟ್ಟಿಗೆಯೊಳಗೆ ಸಾಲು ಸಾಲು ಬ್ರೋಚು, ಪದಕ, ಓಲೆ, ಕೊರಳ ಸರ. ಮೊದಲ ಪೆಟ್ಟಿಗೆಯ ಮುಂದೆ ಆಸೆಯಿಂದ ನಿಲ್ಲುತ್ತೀರಿ. ಮೂರನೆಯದರ ಹೊತ್ತಿಗೆ ಎಲ್ಲವೂ ಒಂದೇ ಥರ ಹೊಳೆಯತೊಡಗುತ್ತವೆ. ಇನ್ನೂ ನಾಲ್ಕು ಕೋಣೆ ಬಾಕಿ ಇರುವಾಗಲೇ ಕಣ್ಣು ಸೋಲುತ್ತದೆ, ಕಾಲು ನೋಯುತ್ತದೆ. ‘ಚೆನ್ನಾಗೇನೋ ಇದೆ, ಆದರೆ ಚಿನ್ನವಲ್ಲವಲ್ಲ’ ಎಂದುಕೊಂಡು ಹೊರಗೆ ಬರುತ್ತೀರಿ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇರುವ ಮಗಳ ಮನೆಗೆ ಹೋದವರು, ಯುರೋಪ್ ಪ್ರವಾಸದ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡವರು ಇಂಥ ಪ್ರದರ್ಶನ ನೋಡಿ ಬಂದು ಸಾಮಾನ್ಯವಾಗಿ ಹೇಳುವುದು ಇದನ್ನೇ.

ಇದಕ್ಕೆ ಕಾರಣವಿದೆ. ಒಡವೆ ಕಂಡರೆ ನಾವು ಕೇಳಲು ಕಲಿತಿರುವುದು ಮೂರು ಪ್ರಶ್ನೆ: ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್, ಕಲ್ಲು ಅಸಲಿಯೇ? ಗಿಲೀಟು ಒಡವೆಯ ಮುಂದೆ ಈ ಮೂರಕ್ಕೂ ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಹಿತ್ತಾಳೆ, ಗಾಜು, ಮೇಲೊಂದು ಚಿನ್ನದ ಲೇಪ. ಪ್ರಶ್ನೆ ಬದಲಿಸಿದರೆ ಮಾತ್ರ ಈ ಒಡವೆಗಳು ಬಾಯಿ ಬಿಡುತ್ತವೆ. ಇದನ್ನು ಹೇಗೆ ಮಾಡಿದರು? ಯಾವ ವಸ್ತು ಸಿಗದಾಗ ಯಾವುದನ್ನು ಬಳಸಿದರು? ಯಾರ ಕೈ ಇದರ ಮೇಲೆ ಓಡಾಡಿತು? ಉತ್ತರಗಳೆಲ್ಲ ಇರುವುದು ಒಡವೆಯ ಬೆನ್ನಿನಲ್ಲಿ, ಕೊಂಡಿಯಲ್ಲಿ, ಅಂಚಿನಲ್ಲಿ. ಅವನ್ನು ನೋಡುವ ಕ್ರಮ ತಿಳಿಸುವುದಕ್ಕೇ ಈ ಲೇಖನ.

ಸ್ವಲ್ಪ ಹಿನ್ನೆಲೆ

ದುಬಾರಿಯಲ್ಲದ ವಸ್ತುವಿನಲ್ಲಿ ಮೆರುಗಿನ ಒಡವೆ ಮಾಡುವುದು ನಮಗೇನೂ ಹೊಸದಲ್ಲ. ಯಕ್ಷಗಾನದ ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದ ಮೇಲೆ ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿ ಮಾಡುತ್ತ ಬಂದವರು ನಾವು. ಯುರೋಪಿನಲ್ಲಿ 18ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಗಡಿಯಾರ ತಯಾರಕ ಕ್ರಿಸ್ಟೋಫರ್ ಪಿಂಚ್‌ಬೆಕ್ ತಾಮ್ರ ಮತ್ತು ಸತುವನ್ನು ಬೆರೆಸಿ ಚಿನ್ನದಂತೆ ಕಾಣುವ ಲೋಹ ತಯಾರಿಸಿದ. ಅದೇ ಶತಮಾನದಲ್ಲಿ ಪ್ಯಾರಿಸ್ಸಿನ ಜಾರ್ಜ್ ಫ್ರೆಡರಿಕ್ ಸ್ಟ್ರಾಸ್ ಸೀಸದ ಗಾಜಿನಿಂದ ಮಾಡಿದ ವಜ್ರದಂಥ ಹರಳುಗಳಿಗೆ ಹೆಸರಾದ. 1892ರಲ್ಲಿ ಡೇನಿಯಲ್ ಸ್ವರೊವ್‌ಸ್ಕಿ ಗಾಜಿನ ಹರಳಿಗೆ ಸಾಣೆ ಹಿಡಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್‌ನಲ್ಲಿ ಕಾರ್ಖಾನೆ ಶುರುವಾಯಿತು. ಒಂದೊಂದಾಗಿ ಕೈಯಲ್ಲಿ ಸಾಣೆ ಹಿಡಿಯುತ್ತಿದ್ದ ಹರಳು ಅಲ್ಲಿಂದ ಮುಂದೆ ರಾಶಿ ರಾಶಿಯಾಗಿ ಬರತೊಡಗಿತು. 1920ರ ದಶಕದಿಂದ ಶನೆಲ್, ಸ್ಕಿಯಾಪರೆಲ್ಲಿಯಂಥ ವಸ್ತ್ರವಿನ್ಯಾಸಕಿಯರು ನಕಲಿ ಒಡವೆಯನ್ನು ಮುಚ್ಚುಮರೆಯಿಲ್ಲದೆ ಶ್ರೀಮಂತರ ಉಡುಪಿನ ಮೇಲೇರಿಸಿದರು.

ಇನ್ನೊಂದು ಕಥೆ ನಮಗೆ ನೇರವಾಗಿ ಸೇರಿದ್ದು. ಇಂದಿನ ಝೆಕ್ ದೇಶದ ಉತ್ತರದ ಬೆಟ್ಟಗಳಲ್ಲಿರುವ ಯಾಬ್ಲೊನೆಟ್ಸ್ ಊರಿನ ಸುತ್ತಮುತ್ತ 19ನೆಯ ಶತಮಾನದ ಕೊನೆಗೆ ಗಾಜಿನ ಮಣಿ, ಗುಂಡಿ, ಬಳೆಗಳ ದೊಡ್ಡ ಉದ್ಯಮ ಬೆಳೆದಿತ್ತು. ಅಲ್ಲಿಯ ಬಳೆಗಳಿಗೆ ದೊಡ್ಡ ಮಾರುಕಟ್ಟೆಗಳಲ್ಲಿ ಭಾರತವೂ ಒಂದು. ಸ್ವದೇಶಿ ಚಳವಳಿಯ ಕಾಲದಲ್ಲಿ ಹೆಂಗಸರು ಒಡೆದುಹಾಕಿದ ವಿದೇಶಿ ಬಳೆಗಳ ಮೂಲ ಹುಡುಕುತ್ತ ಹೋದರೆ ಇಂಥ ಊರುಗಳನ್ನೇ ತಲುಪುತ್ತೇವೆ.

ಎಲ್ಲಿ ನೋಡಬಹುದು?

ಒಂದೇ ಒಂದು ಊರು ಆರಿಸಿ ಎಂದರೆ ನಾನು ಯಾಬ್ಲೊನೆಟ್ಸ್ ಎನ್ನುತ್ತೇನೆ. ಅಲ್ಲಿಯ ‘ಗಾಜು ಮತ್ತು ಒಡವೆಗಳ ಮ್ಯೂಸಿಯಂ’ ಇರುವುದು 20ನೆಯ ಶತಮಾನದ ಆರಂಭದಲ್ಲಿ ಒಡವೆ ರಫ್ತು ವ್ಯಾಪಾರಿಗಳಿಗಾಗಿ ಕಟ್ಟಿದ ಕಟ್ಟಡದಲ್ಲಿ. ಪ್ರಾಗ್‌ನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ಆಸುಪಾಸಿನ ದಾರಿ. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಎರಡನೆಯ ಮಹಾಯುದ್ಧದ ನಂತರ ಆ ಊರಿನ ಜರ್ಮನ್ ಮಾತಾಡುವ ಕುಶಲಕರ್ಮಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ಬವೇರಿಯಾದ ಕೌಫ್‌ಬೊಯ್‌ರೆನ್ ಪಕ್ಕದಲ್ಲಿ ನೊಯ್‌ಗಾಬ್ಲೊನ್ಸ್ ಎಂಬ ಹೊಸ ಊರು ಕಟ್ಟಿ ಅದೇ ಕಸುಬು ಮುಂದುವರಿಸಿದರು. ಮ್ಯೂನಿಕ್‌ನಲ್ಲಿ ನೆಂಟರಿದ್ದವರಿಗೆ ಅಲ್ಲಿಯ ಇಸರ್‌ಗೆಬಿರ್ಗ್ಸ್ ಮ್ಯೂಸಿಯಂ ಹತ್ತಿರ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಒಡವೆ ಗ್ಯಾಲರಿಯಲ್ಲಿ ಅಸಲಿ ರತ್ನಗಳ ನಡುವೆ ಗಾಜಿನ ಹರಳಿನ ಒಡವೆಗಳೂ ಇವೆ; ಪ್ರವೇಶ ಉಚಿತ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಉಡುಪು ಸಂಗ್ರಹದ ಅಲ್ಪ ಭಾಗವನ್ನಷ್ಟೇ ಆಗಾಗ ಹೊರಗಿಡುತ್ತದೆ. ಉಳಿದವುಗಳಲ್ಲಿ ಅನೇಕವನ್ನು ಅದರ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ಗಾಜು ವಜ್ರದಂತೆ ಹೊಳೆಯುವುದು ಹೇಗೆ?

ಇದೊಂದು ಅರ್ಥವಾದರೆ ಪ್ರದರ್ಶನದ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ.

ವಜ್ರದೊಳಗೆ ಹೊಕ್ಕ ಬೆಳಕು ಬಹಳ ಬಾಗುತ್ತದೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 2.42. ಸರಿಯಾದ ಕೋನದಲ್ಲಿ ಸಾಣೆ ಹಿಡಿದರೆ ಒಳಹೋದ ಬೆಳಕು ತಳದ ಮುಖಗಳಿಗೆ ಬಡಿದು ಮೇಲಕ್ಕೇ ಮರಳುತ್ತದೆ. ಹಾಗಾಗಿ ವಜ್ರದ ಬೆನ್ನನ್ನು ತೆರೆದಿಟ್ಟರೂ ಹೊಳಪು ಕೆಡುವುದಿಲ್ಲ. ಸೀಸ ಬೆರೆಸಿದ ಗಾಜಿನಲ್ಲಿ ಈ ಸೂಚ್ಯಂಕ ಸಾಮಾನ್ಯವಾಗಿ 1.6ರ ಆಸುಪಾಸು. ಬೆಳಕಿನ ದೊಡ್ಡ ಪಾಲು ಬೆನ್ನಿನಿಂದಲೇ ಸೋರಿಹೋಗುತ್ತದೆ. ಸೋರಿಕೆ ತಡೆಯಲು ಹರಳಿನ ಬೆನ್ನಿಗೆ ಬೆಳ್ಳಿಯಂಥ ತೆಳು ಲೋಹದ ಪದರ ಹಚ್ಚುತ್ತಾರೆ, ಇಲ್ಲವೇ ಕೆಳಗೆ ಹೊಳೆಯುವ ತಗಡಿನ ಹಾಳೆ ಇಡುತ್ತಾರೆ.

ಈ ಪದರಕ್ಕೆ ತೇವ ತಗುಲಿದರೆ ಅದು ಕಪ್ಪಾಗುತ್ತದೆ. ಎಂಬತ್ತು ವರ್ಷದ ಹಿಂದಿನ ಬ್ರೋಚಿನಲ್ಲಿ ಎಲ್ಲ ಹರಳುಗಳ ನಡುವೆ ಒಂದೆರಡು ಮಾತ್ರ ಮಂಕಾಗಿದ್ದರೆ ನೀರೋ ಬೆವರೋ ಒಳಗೆ ಇಳಿದಿದೆ ಎಂದು ತಿಳಿಯಿರಿ. ಸುಗಂಧ, ಪೌಡರು, ಕತ್ತಿನ ಬೆವರು, ಕುಣಿತದ ರಾತ್ರಿಗಳು ಎಲ್ಲವೂ ಆ ಕಪ್ಪು ಚುಕ್ಕೆಯಲ್ಲಿ ಸೇರಿವೆ. ನನಗೆ ಅಂಥ ಒಡವೆಯೇ ಹೊಚ್ಚ ಹೊಸದರಂತೆ ಉಳಿದಿರುವುದಕ್ಕಿಂತ ಹೆಚ್ಚು ಇಷ್ಟ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ‘ಬೆನ್ನು ಮುಚ್ಚಿದ್ದರೆ ನಕಲಿ’ ಎಂದು ಸೂತ್ರ ಮಾಡಿಕೊಂಡು ಮನೆಯ ಒಡವೆಗೆ ಹಚ್ಚಬೇಡಿ. ನಮ್ಮ ಕುಂದಣ ಕೆಲಸದಲ್ಲಿ ಅಸಲಿ ರತ್ನದ ಕೆಳಗೂ ತಗಡಿನ ಹಾಳೆ ಇಟ್ಟು ಬೆನ್ನು ಮುಚ್ಚುತ್ತಾರೆ. ಅಜ್ಜಿಯ ಕಾಲದ ವಜ್ರದ ಓಲೆಗಳಲ್ಲಿ ಅನೇಕವು ಬೆನ್ನು ಮುಚ್ಚಿದವೇ.

ನೋಡುವ ಕ್ರಮ

1. ಹೋಗುವ ಮುನ್ನ. ಯುರೋಪಿನ ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಜಾಲತಾಣದಲ್ಲಿ ಸಮಯ ನೋಡಿಕೊಂಡೇ ಹೊರಡಿ. ವಾರದ ನಡುವೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತು ಒಳ್ಳೆಯದು. ಚಿಕ್ಕ ವಸ್ತುಗಳ ಪ್ರದರ್ಶನದಲ್ಲಿ ಪೆಟ್ಟಿಗೆಯ ಮುಂದೆ ನಾಲ್ಕು ಜನ ನಿಂತರೆ ಐದನೆಯವರಿಗೆ ಏನೂ ಕಾಣದು. ಓದುವ ಕನ್ನಡಕ ಮರೆಯಬೇಡಿ. ಟಿಪ್ಪಣಿಗೆ ಪೆನ್ನಿನ ಬದಲು ಪೆನ್ಸಿಲ್ ಇರಲಿ, ಎಷ್ಟೋ ಕಡೆ ಪೆನ್ನಿಗೆ ಅನುಮತಿ ಇರುವುದಿಲ್ಲ.

2. ಭೂತಗನ್ನಡಿ ಸಾಕಾಗದು. ಅಕ್ಕಸಾಲಿಗರು ಕಣ್ಣಿಗೆ ಒತ್ತಿ ಹಿಡಿಯುವ ಹತ್ತು ಪಟ್ಟಿನ ಮಸೂರ ಕೆಲಸ ಮಾಡುವುದು ವಸ್ತು ಎರಡೂವರೆ ಸೆಂಟಿಮೀಟರ್ ದೂರದಲ್ಲಿದ್ದಾಗ ಮಾತ್ರ. ಮ್ಯೂಸಿಯಂನಲ್ಲಿ ಒಡವೆ ಗಾಜಿನಿಂದ ಒಂದು ಗೇಣು ಆಚೆ ಇರುತ್ತದೆ. ಮೊಬೈಲ್ ಕ್ಯಾಮೆರಾದ ಜೂಮ್ ಅದಕ್ಕಿಂತ ಉಪಯೋಗಿ. ಪಕ್ಷಿ ನೋಡುವವರ ಬಳಿ ಹತ್ತಿರದ ವಸ್ತುವಿಗೂ ಹೊಂದಿಕೊಳ್ಳುವ ಪುಟ್ಟ ಒಂಟಿಗಣ್ಣಿನ ದುರ್ಬೀನು ಇರುತ್ತದೆ. ಸಿಕ್ಕರೆ ಕೇಳಿ ಪಡೆದುಕೊಂಡು ಹೋಗಿ.

3. ಕಣ್ಣಿಗೆ ಕತ್ತಲು ಒಗ್ಗಲಿ. ಇಂಥ ಕೋಣೆಗಳಲ್ಲಿ ಬೆಳಕು ಕಡಿಮೆ. ಗಾಜಿಗೂ ಲೋಹಕ್ಕೂ ಬೆಳಕಿನಿಂದ ತೊಂದರೆಯಿಲ್ಲ. ಆದರೆ ಬಣ್ಣ ಹಾಕಿದ ರೇಷ್ಮೆದಾರ, ಹಕ್ಕಿಗರಿ, ಹಳೆಯ ಪ್ಲಾಸ್ಟಿಕ್ ಬಣ್ಣಗೆಡುತ್ತವೆ. ಅಂಥ ವಸ್ತುಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಇಡುತ್ತವೆ. ಒಳಗೆ ಹೋದ ಕೂಡಲೇ ಪೆಟ್ಟಿಗೆಗೆ ಮುಗಿಬೀಳದೆ ಗೋಡೆಯ ಪರಿಚಯ ಫಲಕವನ್ನು ನಿಧಾನವಾಗಿ ಓದಿ. ಅಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ.

4. ಮೊದಲು ನಿಲ್ಲದೆ ಒಂದು ಸುತ್ತು. ಎಲ್ಲ ಕೋಣೆಗಳನ್ನೂ ಹಾದುಹೋಗಿ, ಮನಸ್ಸು ತಡೆದ ಐದಾರನ್ನು ಗುರುತು ಹಾಕಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ಅವುಗಳ ಮುಂದೆ ಮಾತ್ರ ನಿಲ್ಲಿ. ಉಳಿದವು ತಪ್ಪಿಹೋದವೆಂಬ ಚಿಂತೆ ಬೇಡ.

5. ವಿವರಚೀಟಿಯನ್ನು ಕೆಳಗಿನಿಂದ ಓದಿ. ಮೇಲಿನ ಸಾಲಿನಲ್ಲಿ ಹೆಸರು, ಕೆಳಗೆ ಪುಟ್ಟ ಅಕ್ಷರದಲ್ಲಿ ವಸ್ತುಗಳ ಪಟ್ಟಿ. ಪಟ್ಟಿಯಿಂದ ಶುರುಮಾಡಿ. ‘ಚಿನ್ನ ಲೇಪಿಸಿದ ಹಿತ್ತಾಳೆ, ಗಾಜು’ ಎಂದಿದ್ದರೆ ಲೇಪ ಎಲ್ಲಿ ಸವೆದಿದೆ ಎಂದು ಉಬ್ಬಿದ ಜಾಗಗಳಲ್ಲಿ ಹುಡುಕಿ. ‘ಬೇಕಲೈಟ್’ ಎಂದಿದ್ದರೆ ಅದು 1907ರ ಆಚೆಯದು. ಲಿಯೋ ಬೇಕ್‌ಲ್ಯಾಂಡ್ ಆ ಪ್ಲಾಸ್ಟಿಕ್ ಕಂಡುಹಿಡಿದದ್ದು ಆ ವರ್ಷ. ‘ಝೆಕೊಸ್ಲೊವಾಕಿಯಾ’ ಎಂಬ ಮುದ್ರೆ ಇದ್ದರೆ 1918ರ ನಂತರದ್ದು, ಏಕೆಂದರೆ ಅದಕ್ಕೆ ಮೊದಲು ಆ ದೇಶವೇ ಇರಲಿಲ್ಲ. ಹರಳಿನ ಮೇಲ್ಮೈಯಲ್ಲಿ ಎಣ್ಣೆ ಬಿದ್ದ ನೀರಿನಂತೆ ಏಳು ಬಣ್ಣ ಆಡುತ್ತಿದ್ದರೆ 1950ರ ದಶಕದ ನಡುಭಾಗದ ಆಚೆಯದು. ಸ್ವರೊವ್‌ಸ್ಕಿ ಸಂಸ್ಥೆ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಜೊತೆ ಸೇರಿ ಆ ಲೇಪವನ್ನು ತಂದದ್ದು ಆಗ.

6. ಬೆನ್ನು ಮತ್ತು ಕೊಂಡಿ. ಒಂದು ಪ್ರದರ್ಶನ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನನ್ನ ಪರೀಕ್ಷೆ ಒಂದೇ: ಕೆಲವು ಒಡವೆಗಳನ್ನಾದರೂ ಬೋರಲು ಹಾಕಿಯೋ ಕನ್ನಡಿ ಇಟ್ಟೋ ಬೆನ್ನು ತೋರಿಸಿದ್ದಾರೆಯೇ? ತೋರಿಸದಿದ್ದರೆ ಪೆಟ್ಟಿಗೆಯ ಪಕ್ಕದಿಂದ ಬಗ್ಗಿ ನೋಡಿ, ಅಂಚಾದರೂ ಕಾಣುತ್ತದೆ.

ಬ್ರೋಚಿನ ಸೂಜಿಯನ್ನು ಹಿಡಿದಿಡುವುದು ಬರೀ ಬಾಗಿದ ಕೊಕ್ಕೆಯಾಗಿದ್ದರೆ ಅದು ಹಳೆಯ ಕ್ರಮ. ತಿರುಗಿಸಿ ಭದ್ರಪಡಿಸುವ ಪುಟ್ಟ ಬೀಗವಿದ್ದರೆ ಬಹುತೇಕ 20ನೆಯ ಶತಮಾನದ್ದು. ಕಿವಿಗೆ ಕಚ್ಚಿಸುವ ಕ್ಲಿಪ್ ಓಲೆಗಳು 1930ರ ದಶಕದಲ್ಲಿ ಬಳಕೆಗೆ ಬಂದವು. ಕಿವಿ ಚುಚ್ಚಿಸಿಕೊಳ್ಳುವುದು ಪಾಶ್ಚಾತ್ಯ ದೇಶಗಳಲ್ಲಿ ರೂಢಿ ತಪ್ಪಿದ್ದ ಕಾಲವದು. ಓಲೆಯ ತಿರುಪು ನೋಡಿ ಬೆಳೆದ ನಮಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ನೋಡಲೇಬೇಕಾದ ಒಂದು ಉಪಾಯ ಜೋಡಿ ಕ್ಲಿಪ್. ಎರಡು ಚಿಕ್ಕ ಕ್ಲಿಪ್‌ಗಳನ್ನು ಒಂದು ಚೌಕಟ್ಟಿಗೆ ಸಿಕ್ಕಿಸಿದರೆ ದೊಡ್ಡ ಬ್ರೋಚು. ಬಿಡಿಸಿದರೆ ಕುಪ್ಪಸದ ಕತ್ತಿನ ಎರಡು ಮೂಲೆಗೆ ಒಂದೊಂದು. ಕಾರ್ಟಿಯೆ ಸಂಸ್ಥೆ 1927ರಲ್ಲಿ ವಜ್ರದ ಒಡವೆಗೆಂದು ಇದನ್ನು ರೂಪಿಸಿತು. 1930ರ ದಶಕದಲ್ಲಿ ಅಮೆರಿಕದ ಕೊರೊ ಸಂಸ್ಥೆ ಇದೇ ಉಪಾಯವನ್ನು ಗಾಜಿನ ಹರಳಿನ ಒಡವೆಗೆ ತಂದು, ಅಂಗಡಿಯಲ್ಲಿ ದುಡಿಯುವ ಹುಡುಗಿಯೂ ಕೊಳ್ಳುವಂತೆ ಮಾಡಿತು. ಚೌಕಟ್ಟಿನ ಕಾರ್ಯವಿಧಾನವನ್ನು ತಾಳ್ಮೆಯಿಂದ ನೋಡಿದರೆ, ದುಬಾರಿ ಒಡವೆಗೆ ತೋರಿಸಿದಷ್ಟೇ ಬುದ್ಧಿಯನ್ನು ಅಗ್ಗದ ಒಡವೆಗೂ ತೋರಿಸಿದ್ದು ಕಾಣುತ್ತದೆ.

7. ಮಣಿ, ಮುತ್ತುಗಳ ತೂತು ನೋಡಿ. ಯಾಬ್ಲೊನೆಟ್ಸ್ ಕಡೆಯ ಮಣಿಗಳಲ್ಲಿ ಅನೇಕವನ್ನು ಕಾಯಿಸಿದ ಗಾಜಿನ ಕಡ್ಡಿಯನ್ನು ಅಚ್ಚಿನಿಕ್ಕಳದಲ್ಲಿ ಒತ್ತಿ ಮಾಡುತ್ತಿದ್ದರು. ಅಚ್ಚಿನ ಎರಡು ಹೋಳು ಸೇರಿದ ಕಡೆ ಸಣ್ಣ ಗೆರೆ ಉಳಿದಿರುತ್ತದೆ. ಕೃತಕ ಮುತ್ತಿನದು ಇನ್ನೂ ಸ್ವಾರಸ್ಯದ ಕಥೆ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಜಪಮಣಿ ಮಾಡುತ್ತಿದ್ದ ಜಾಕಾಂ ಎಂಬಾತ ಊದಿದ ತೆಳು ಗಾಜಿನ ಗುಳ್ಳೆಯ ಒಳಮೈಗೆ ಮೀನಿನ ಪೊರೆಯಿಂದ ತೆಗೆದ ಹೊಳೆಯುವ ಪುಡಿಯ ಲೇಪ ಹಚ್ಚಿ, ಒಳಗೆ ಮೇಣ ತುಂಬಿ ಮುತ್ತು ಮಾಡುತ್ತಿದ್ದ. ಮುಂದೆ ಇದೇ ಲೇಪವನ್ನು ಗಟ್ಟಿ ಗಾಜಿನ ಮಣಿಯ ಹೊರಮೈಗೆ ಪದರ ಪದರವಾಗಿ ಹಚ್ಚತೊಡಗಿದರು. ಹೊರಲೇಪದ ಮುತ್ತುಗಳು ಮೊದಲು ಸಿಪ್ಪೆ ಏಳುವುದು ದಾರ ಉಜ್ಜುವ ತೂತಿನ ಬಾಯಲ್ಲೇ.

8. ಯುದ್ಧಕಾಲದ ಒಡವೆಗಳನ್ನು ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಲ್ಲುವುದು 1940ರ ದಶಕದ ಮೊದಲರ್ಧದ ಪೆಟ್ಟಿಗೆಯ ಮುಂದೆ. ಯುದ್ಧದಿಂದಾಗಿ ಯಾಬ್ಲೊನೆಟ್ಸ್ ಇರುವ ಬೊಹೆಮಿಯಾ ಮತ್ತು ಆಸ್ಟ್ರಿಯಾಗಳ ಹರಳು ಅಮೆರಿಕಕ್ಕೆ ಬರುವುದು ನಿಂತಿತು. ತವರ ಮೊದಲಾದ ಲೋಹಗಳೆಲ್ಲ ಶಸ್ತ್ರಾಸ್ತ್ರಕ್ಕೆ ಹೋದವು. 1942ರಿಂದ ಗಿಲೀಟು ಒಡವೆಯವರು ಅನಿವಾರ್ಯವಾಗಿ ಬೆಳ್ಳಿಯತ್ತ ತಿರುಗಿದರು. ಹೀಗಾಗಿ ಯಾವಾಗಲೂ ಅಗ್ಗದ ಲೋಹದಲ್ಲಿ ಮಾಡುತ್ತಿದ್ದ ಬ್ರೋಚುಗಳನ್ನು ಆ ಕೆಲವು ವರ್ಷ ಮಾತ್ರ ಬೆಳ್ಳಿಯಲ್ಲಿ ಮಾಡಿ ಚಿನ್ನ ಲೇಪಿಸಿದರು. ಬೆನ್ನ ಮೇಲೆ ‘ಸ್ಟರ್ಲಿಂಗ್’ ಮುದ್ರೆ ಇರುತ್ತದೆ. ಹರಳು ಸಾಲದಿದ್ದಾಗ ವಿನ್ಯಾಸಗಳಲ್ಲಿ ಬರಿ ಲೋಹದ ಹರವು ಹೆಚ್ಚಿತು. ಟ್ರಿಫಾರಿ ಸಂಸ್ಥೆಗೆ ವಿನ್ಯಾಸ ಮಾಡುತ್ತಿದ್ದ ಆಲ್ಫ್ರೆಡ್ ಫಿಲಿಪ್ ಮೀನು, ಕಪ್ಪೆ, ಹಕ್ಕಿಗಳ ಹೊಟ್ಟೆಯ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಉಂಡೆ ಕೂರಿಸಿ ಇಡೀ ಪ್ರಾಣಿ ನೀರಿನಿಂದ ಮಾಡಿದಂತೆ ಕಾಣಿಸಿದ. ಸಿಕ್ಕಷ್ಟರಲ್ಲೇ ಹೊಸತನ್ನು ಹುಟ್ಟಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಒಡವೆಗಳಲ್ಲಿ ನಾನು ಕಂಡಿಲ್ಲ.

9. ಧರಿಸಿದವರ ಚಿತ್ರ ಹುಡುಕಿ. ಒಡವೆಯ ಪಕ್ಕ ಹಳೆಯ ಫೋಟೊ ಇಟ್ಟಿದ್ದರೆ ಅಳತೆ ತಿಳಿಯುತ್ತದೆ. ಪೆಟ್ಟಿಗೆಯಲ್ಲಿ ಅತಿಯಾಗಿ ಕಂಡ ಬ್ರೋಚು ಕೋಟಿನ ಅಗಲ ಹೆಗಲ ಮೇಲೆ ಹದವಾಗಿರುತ್ತದೆ. ಎಂಥವರು ಧರಿಸುತ್ತಿದ್ದರು ಎಂಬುದೂ ತಿಳಿಯುತ್ತದೆ: ಅಮೆರಿಕದ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ 1953ರ ಪದಗ್ರಹಣದ ನೃತ್ಯಕೂಟಕ್ಕೆ ಧರಿಸಿದ್ದು ಇದೇ ಟ್ರಿಫಾರಿಯ ಕೃತಕ ಮುತ್ತುಗಳನ್ನು.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಹೆಸರಿನ ಬೆನ್ನು ಹತ್ತುವುದು.* ಶನೆಲ್ ಎಲ್ಲಿದೆ, ಡಿಯೋರ್ ಎಲ್ಲಿದೆ ಎಂದು ಹುಡುಕುತ್ತ ಉಳಿದವನ್ನು ದಾಟುವವರೇ ಹೆಚ್ಚು. ಒಡವೆಯ ಮೇಲೆ ಮುದ್ರೆ ಒತ್ತುವುದು ಎಲ್ಲ ಕಡೆ ಎಲ್ಲ ಕಾಲದಲ್ಲಿ ಇರಲಿಲ್ಲ. ನ್ಯೂಯಾರ್ಕಿನ ಮಿರಿಯಂ ಹ್ಯಾಸ್ಕೆಲ್ ಅಂಗಡಿಯಿಂದ ಹೊರಬಿದ್ದ ಆರಂಭದ ಒಡವೆಗಳಲ್ಲಿ ಸಾಮಾನ್ಯವಾಗಿ ಹೆಸರೇ ಇಲ್ಲ. ಅವುಗಳ ವಿನ್ಯಾಸಕಾರ ಫ್ರಾಂಕ್ ಹೆಸ್‌ನ ಹೆಸರಂತೂ ಕೊಳ್ಳುವವರಿಗೆ ತಿಳಿದಿರಲೂ ಇಲ್ಲ. ಶನೆಲ್‌ಗೆ ಕರಗಿಸಿದ ಗಾಜಿನ ಒಡವೆ ಮಾಡಿಕೊಟ್ಟದ್ದು ಗ್ರಿಪ್ವಾ ಎಂಬ ಪ್ಯಾರಿಸ್ ಕುಟುಂಬದ ಕಾರ್ಯಾಗಾರ. ಬೊಹೆಮಿಯಾದ ಬೆಟ್ಟದ ಹಳ್ಳಿಗಳಲ್ಲಿ, ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ ಮನೆಯಲ್ಲೇ ಕೂತು ತುಂಡಿಗೆ ಇಷ್ಟೆಂಬ ಕೂಲಿಗೆ ಮಣಿ ಪೋಣಿಸಿದ, ಹರಳು ಅಂಟಿಸಿದ ಹೆಂಗಸರು, ಮಕ್ಕಳ ಹೆಸರು ಯಾವ ಚೀಟಿಯಲ್ಲೂ ಬರುವುದಿಲ್ಲ. ಈ ಕೈಗಳ ಬಗ್ಗೆ ಒಂದು ಫಲಕವಾದರೂ ಇದ್ದರೆ ಅಲ್ಲಿ ನಿಲ್ಲಿ. ಇಲ್ಲದಿದ್ದರೆ ಅಭಿಪ್ರಾಯ ಪುಸ್ತಕದಲ್ಲಿ ಕೇಳಿ ಬರೆಯಿರಿ.

*ಶೈಲಿ ನೋಡಿ ಕಾಲ ಹೇಳುವುದು.* 1922ರಲ್ಲಿ ಟುಟಾಂಖಾಮನ್ ಸಮಾಧಿ ಸಿಕ್ಕ ಮೇಲೆ ಈಜಿಪ್ಟ್ ಮಾದರಿಯ ಒಡವೆಗಳು ಎಲ್ಲೆಲ್ಲೂ ಬಂದವು ನಿಜ. ಆದರೆ 19ನೆಯ ಶತಮಾನದಲ್ಲೂ ಅಂಥವಿದ್ದವು, ಆಮೇಲೂ ಬಂದವು. ಶೈಲಿ ಮರಳಿ ಬರುತ್ತದೆ. ಕೊಂಡಿ, ಬೆಸುಗೆ, ವಸ್ತು ಹೆಚ್ಚು ನಂಬಿಕೆಗೆ ಅರ್ಹ.

*ಎಲ್ಲದರ ಫೋಟೊ ತೆಗೆಯುವುದು.* ಆರಿಸಿದ ಐದಾರಕ್ಕೆ ಮಾತ್ರ ತೆಗೆಯಿರಿ, ಒಡವೆಯ ಜೊತೆಗೆ ಚೀಟಿಯದೂ ಒಂದು. ಫ್ಲ್ಯಾಶ್ ಬೇಡ. ಗಾಜಿಗೆ ಬಡಿದು ಚಿತ್ರವೂ ಕೆಡುತ್ತದೆ.

*ಗಾಜಿಗೆ ಒರಗುವುದು, ಮೊಬೈಲ್ ತಾಗಿಸುವುದು.* ಅಲಾರಂ ಕೂಗಿಸಬಹುದು. ಪೋಣಿಸಿ ನೇತುಹಾಕಿದ ಹಳೆಯ ಸರಗಳಿಗೆ ಅಲುಗಾಟವೂ ಒಳ್ಳೆಯದಲ್ಲ.

ಕೊಳ್ಳುವಾಗ, ಮನೆಗೆ ಬಂದ ಮೇಲೆ

ಪ್ರದರ್ಶನ ನೋಡಿದ ಉತ್ಸಾಹದಲ್ಲಿ ಅದೇ ದಿನ ಸಂತೆಯಲ್ಲಿ ಹಳೆಯ ಬ್ರೋಚು ಕೊಳ್ಳಬೇಡಿ. ಒಂದೆರಡು ದಿನ ತಡೆಯಿರಿ. ಕೊಳ್ಳುವುದಾದರೆ ಹಸಿರು ಕಿಲುಬು ಹಿಡಿದದ್ದನ್ನು ಬಿಡಿ. ಹರಳಿನ ಕೆಳಗೆ ಇಳಿದ ಕಿಲುಬು ತೆಗೆಯಲು ಬಾರದು. ಆನೆದಂತ, ಆಮೆಚಿಪ್ಪು, ಹವಳದವು ಎಷ್ಟೇ ಹಳೆಯವಿರಲಿ ಬೇಡ. ವನ್ಯಜೀವಿ ಕಾಯ್ದೆಯಡಿ ವಿಮಾನ ನಿಲ್ದಾಣದಲ್ಲಿ ತೊಂದರೆಯಾದೀತು.

‘ಬಿಸಿ ಸೂಜಿ ಚುಚ್ಚಿ ವಾಸನೆ ನೋಡಿದರೆ ಯಾವ ಪ್ಲಾಸ್ಟಿಕ್ ಎಂದು ತಿಳಿಯುತ್ತದೆ’ ಎಂಬ ಸಲಹೆ ಕೇಳಿರಬಹುದು. ದಯವಿಟ್ಟು ಮಾಡಬೇಡಿ. ಹಳೆಯ ಸೆಲ್ಯುಲಾಯ್ಡ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುವ ವಸ್ತು.

ಇನ್ನು ಮನೆಯ ಕಪಾಟಿನಲ್ಲಿ ಅಮ್ಮನದೋ ಅತ್ತೆಯದೋ ಗಿಲೀಟು ಸರ, ಹರಳಿನ ಬೆಂಡೋಲೆ ಇದ್ದರೆ ಪ್ರದರ್ಶನದಲ್ಲಿ ಕಲಿತದ್ದನ್ನು ಅದರ ಮೇಲೆ ಪ್ರಯೋಗಿಸಿ. ಇಲ್ಲಿ ಕೈಯಲ್ಲಿ ಹಿಡಿಯಬಹುದು, ತಿರುಗಿಸಬಹುದು, ಮಸೂರವೂ ಕೆಲಸಕ್ಕೆ ಬರುತ್ತದೆ. ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟ್ ಯಾವುದೂ ಬೇಡ; ತೆಳು ಲೇಪ ಅವುಗಳ ಜೊತೆಗೇ ಹೊರಟುಹೋಗುತ್ತದೆ. ನೀರಿನಲ್ಲಿ ಅದ್ದಲೂಬಾರದು. ಒಣ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ. ಮುತ್ತಿನ ಸರವನ್ನು ನೇತುಹಾಕದೆ ಮಲಗಿಸಿಡಿ, ದಾರ ಜಗ್ಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಒಡವೆಯಿಂದ ಕರ್ಪೂರದಂಥ ವಾಸನೆಯೋ ಹುಳಿ ವಾಸನೆಯೋ ಬರುತ್ತಿದ್ದರೆ, ಮೈ ಅಂಟಂಟಾಗಿದ್ದರೆ ಅದನ್ನು ಉಳಿದವುಗಳಿಂದ ದೂರ, ಗಾಳಿಯಾಡುವ ತಂಪು ಜಾಗದಲ್ಲಿಡಿ. ಅದರಿಂದ ಹೊರಡುವ ಆವಿ ಪಕ್ಕದ ಲೋಹವನ್ನೂ ತಿನ್ನುತ್ತದೆ.